ಬಾಗಬೇಕು, ನಡುಗಬಾರದು

ಕ್ಯಾಲಿಫೋರ್ನಿಯಾದ ಟಾಹೋ ಸರೋವರದ ಪಕ್ಕದ ಬೆಟ್ಟಗಳ ಮೇಲೆ ಬೀಳುವ ಹಿಮಕ್ಕೆ ಸ್ಥಳೀಯರು ‘ಸಿಯೆರಾ ಸಿಮೆಂಟ್’ ಎನ್ನುತ್ತಾರೆ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ಹೆಚ್ಚು ದೂರ ಸಾಗದೆ ಇಲ್ಲಿಯೇ ಬರಿದಾಗುವುದರಿಂದ ಆ ಹಿಮದಲ್ಲಿ ನೀರಿನಂಶ ಜಾಸ್ತಿ. ಒಳನಾಡಿನ ಯೂಟಾದಲ್ಲಿ ಹೊಸದಾಗಿ ಬಿದ್ದ ಹಿಮ ಒಂದು ಘನ ಮೀಟರಿಗೆ 80 ಕಿಲೋ ತೂಗಿದರೆ ಇಲ್ಲಿ 120 ಕಿಲೋ ದಾಟುವುದು ಸಾಮಾನ್ಯ. ಬೆಳಗ್ಗೆ ಲಿಫ್ಟ್ ಶುರುವಾಗುವ ಹೊತ್ತಿಗೆ ಇಳಿಜಾರು ನುಣುಪಾಗಿರುತ್ತದೆ, ಆಗ ಯಾವ ಸ್ಕೀ ಕಟ್ಟಿಕೊಂಡರೂ ಹಿತ. ಮಧ್ಯಾಹ್ನದೊಳಗೆ ಸಾವಿರಾರು ಜನ ಅದನ್ನು ಉತ್ತು ಹಾಕಿರುತ್ತಾರೆ. ಒಂದೆಡೆ ಮೊಣಕಾಲೆತ್ತರದ ಹಿಮದ ಗುಪ್ಪೆ, ಪಕ್ಕದಲ್ಲೇ ಕೆರೆದು ಹೊಳೆಯುವ ಗಟ್ಟಿ ತಳ, ಅದರಾಚೆ ಮತ್ತೊಂದು ಗುಪ್ಪೆ. ಇಂಥ ನೆಲದ ಮೇಲೆ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ನೆಟ್ಟಗೆ ಇಳಿದು, ಬೇಕಾದಲ್ಲಿ ಬೇಕಾದಷ್ಟೇ ತಿರುಗುವ ಜನರಿದ್ದಾರೆ. ಅವರ ಕಾಲಿನಡಿಯ ಹಲಗೆ ಹೇಗಿರಬೇಕು ಎಂಬುದೇ ಈ ಅಧ್ಯಾಯದ ವಿಷಯ.

ಅಂಗಡಿಯವರು ಇಂಥ ಹಲಗೆಯನ್ನು ‘ಪರಿಣತರಿಗೆ’ ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಆ ಚೀಟಿಯಿಂದ ಏನೂ ತಿಳಿಯುವುದಿಲ್ಲ. ಐವತ್ತೈದು ಕಿಲೋ ತೂಕದ ಪರಿಣತೆಗೂ ತೊಂಬತ್ತೈದು ಕಿಲೋ ತೂಕದ ಪರಿಣತನಿಗೂ ಬೇಕಾದದ್ದು ಒಂದೇ ಸ್ಕೀ ಅಲ್ಲ. ಹಿಮಕ್ಕೆ ಗೊತ್ತಾಗುವುದು ಬಲ ಮಾತ್ರ, ಅನುಭವ ಅದಕ್ಕೆ ಕಾಣಿಸದು. ಆದ್ದರಿಂದ ಸ್ಕೀ ಆರಿಸುವ ಲೆಕ್ಕವನ್ನೂ ಬಲದಿಂದಲೇ ಶುರುಮಾಡಬೇಕು.

ಸ್ಕೀಯನ್ನು ಮೇಲಿನಿಂದ ನೋಡಿದರೆ ಅದರ ಮೂತಿ ಮತ್ತು ಬಾಲ ಅಗಲ, ನಡು ಕಿರಿದು. ನಾರ್ವೆಯ ಟೆಲಿಮಾರ್ಕ್ ಪ್ರಾಂತ್ಯದ ಸೋಂದ್ರೆ ನೂರ್‌ಹೈಮ್ 19ನೇ ಶತಮಾನದಲ್ಲಿ ಜನಪ್ರಿಯಗೊಳಿಸಿದ ಈ ಆಕಾರ ಇಂದಿಗೂ ಉಳಿದಿದೆ. ಮೂತಿ 130 ಮಿಲಿಮೀಟರ್, ನಡು 95, ಬಾಲ 115 ಇರುವ ಒಂದು ಸ್ಕೀಯನ್ನು ತೆಗೆದುಕೊಳ್ಳೋಣ. ಅದರ ಅಂಚು ನಡುವಿನಲ್ಲಿ ಸುಮಾರು 14 ಮಿಲಿಮೀಟರ್ ಒಳಕ್ಕೆ ಸರಿದಿರುತ್ತದೆ. ಹಿಮಕ್ಕೆ ತಾಗುವ ಉದ್ದ 1.6 ಮೀಟರ್ ಆಗಿದ್ದರೆ, ಆ ಬಾಗು 23 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ಈ ಸ್ಕೀಯನ್ನು ಗಟ್ಟಿ ಹಿಮದ ಮೇಲೆ ಓರೆಯಾಗಿಸಿದಾಗ ಮೊದಲು ನೆಲ ಮುಟ್ಟುವುದು ಮೂತಿ ಮತ್ತು ಬಾಲ. ನಡು ಗಾಳಿಯಲ್ಲಿರುತ್ತದೆ. ಸ್ಕೀಯರ್ ತನ್ನ ಭಾರದಿಂದ ಅದನ್ನು ಬಾಗಿಸಿ ಹಿಮಕ್ಕೆ ತಾಗಿಸಿದಾಗಲೇ ಅಂಚು ಪೂರ್ತಿಯಾಗಿ ಕಚ್ಚಿ ಗೆರೆ ಕೊರೆಯುತ್ತದೆ. ಇಪ್ಪತ್ತು ಡಿಗ್ರಿ ಓರೆಗೆ ಐದು ಮಿಲಿಮೀಟರ್ ಬಾಗಿದರೆ ಸಾಕು, ಐವತ್ತೈದು ಡಿಗ್ರಿಗೆ ಇಪ್ಪತ್ತು ಮಿಲಿಮೀಟರ್ ಬಾಗಬೇಕು. ಓರೆ ಹೆಚ್ಚಿದಂತೆ ತಿರುವಿನ ತ್ರಿಜ್ಯವೂ ಕಿರಿದಾಗುತ್ತದೆ.

ಈ ಬಾಗಿಸುವ ಬಲ ಬರುವುದು ವೇಗದಿಂದ. ಸಲಕರಣೆ ಸೇರಿ 85 ಕಿಲೋ ತೂಗುವವರು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ತಿರುವಿನಿಂದ ಹುಟ್ಟುವ ಅಡ್ಡಬಲ ಸುಮಾರು 30 ಕಿಲೋ ಭಾರದಷ್ಟು. ಅದಕ್ಕೆ ಲಂಬವಾಗಿ ಕೆಳಗೆ ಎಳೆಯುವ ದೇಹದ ತೂಕದೊಂದಿಗೆ ದಿಕ್ಕನ್ನೂ ಲೆಕ್ಕಿಸಿ ಕೂಡಿಸಿದರೆ ಹಿಮದ ಮೇಲೆ ಬೀಳುವ ಒತ್ತಡ 90 ಕಿಲೋ. ವೇಗ ಇಮ್ಮಡಿಯಾಗಿ ಅರವತ್ತಕ್ಕೆ ಏರಿದಾಗ ಅಡ್ಡಬಲ ನಾಲ್ಕು ಪಟ್ಟಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆಗ ಒಟ್ಟು ಒತ್ತಡ ಹೆಚ್ಚುಕಡಿಮೆ 147 ಕಿಲೋ. ಅದರಲ್ಲಿ ಬಹುಪಾಲನ್ನು ಹೊರಗಿನ ಕಾಲಿನ ಸ್ಕೀ ಒಂದೇ ಹೊರುತ್ತದೆ. ದೇಹ ಅದೇ, ಬೆಟ್ಟ ಅದೇ, ಆದರೂ ಹಲಗೆಗೆ ಇವರು ಬೇರೆಯೇ ವ್ಯಕ್ತಿ.

ನಿಧಾನವಾಗಿ ಇಳಿಯುವವರಿಗೆ ಬಿಗಿಯಾದ ಸ್ಕೀ ಕೊಟ್ಟರೆ ನಡು ಹಿಮ ಮುಟ್ಟುವುದೇ ಇಲ್ಲ. ಎರಡು ತುದಿಗಳ ಮೇಲೆ ನಿಂತ ಹಲಗೆ ತಿರುಗದೆ ಜಾರುತ್ತದೆ. ವೇಗದವರಿಗೆ ಮೆತ್ತನೆಯ ಸ್ಕೀ ಕೊಟ್ಟರೆ ನಡು ಮಾತ್ರ ಆಳಕ್ಕೆ ಇಳಿದು ತುದಿಗಳ ಮೇಲೆ ಒತ್ತಡ ಉಳಿಯುವುದಿಲ್ಲ. ಇನ್ನು ಮೃದು ಹಿಮದಲ್ಲಾದರೆ ಅದು ಬೇಕಾದ್ದಕ್ಕಿಂತ ಹೆಚ್ಚು ಬಾಗಿ, ತಿರುವು ಹೇಳದೆ ಕೇಳದೆ ಕಿರಿದಾಗುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ನಡೆಯುವುದು ಅರವತ್ತರ ವೇಗದಲ್ಲಿ.

ಇಷ್ಟು ಬಿಗಿಯನ್ನು ಒಂದೂಕಾಲು ಸೆಂಟಿಮೀಟರ್ ದಪ್ಪದ ಹಲಗೆಯೊಳಗೆ ತುಂಬುವುದು ಹೇಗೆ? ಮಲೆನಾಡಿನ ಹಳ್ಳಗಳಿಗೆ ಅಡ್ಡ ಹಾಕುವ ಅಡಿಕೆ ಮರದ ಸಂಕವನ್ನು ನೆನೆದರೆ ಉತ್ತರ ಅರ್ಧ ಸಿಕ್ಕಂತೆ. ಆ ಮರದ ಗಟ್ಟಿ ನಾರೆಲ್ಲ ಹೊರಸುತ್ತಿನಲ್ಲಿದೆ, ಒಳಗಿರುವುದು ಮೆತ್ತನೆಯ ತಿರುಳು. ನಡೆಯುವವರ ಭಾರಕ್ಕೆ ಸಂಕ ಬಾಗಿದಾಗ ಮೇಲಿನ ಪದರ ಕುಗ್ಗುತ್ತದೆ, ಕೆಳಗಿನದು ಹಿಗ್ಗುತ್ತದೆ, ನಟ್ಟನಡುವಿಗೆ ಹೆಚ್ಚೇನೂ ಆಗುವುದಿಲ್ಲ. ಹಾಗಾಗಿ ಗಟ್ಟಿ ವಸ್ತು ಇರಬೇಕಾದದ್ದು ಹೊರಗೇ. ಸ್ಕೀಯಲ್ಲಿಯೂ ಹಾಗೆಯೇ. ಅರ್ಧ ಮಿಲಿಮೀಟರ್ ದಪ್ಪದ ಎರಡು ಅಲ್ಯೂಮಿನಿಯಂ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿದರೆ ಕೈಯಲ್ಲೇ ಮಡಿಸಬಹುದು. ಅವೆರಡರ ನಡುವೆ ಒಂದು ಸೆಂಟಿಮೀಟರ್ ಮರ ಇಟ್ಟು ಅಂಟಿಸಿದರೆ, ಮರದ ಸ್ವಂತ ಬಲವನ್ನು ಲೆಕ್ಕಕ್ಕೆ ಹಿಡಿಯದೆಯೂ, ಬಿಗಿ 300 ಪಟ್ಟಿಗಿಂತ ಹೆಚ್ಚುತ್ತದೆ. ಮರದ ಮುಖ್ಯ ಕೆಲಸ ಹಾಳೆಗಳನ್ನು ದೂರ ಇಟ್ಟು, ಅವು ಒಂದರ ಮೇಲೊಂದು ಜಾರದಂತೆ ಹಿಡಿಯುವುದು.

ಈ ಸ್ಯಾಂಡ್‌ವಿಚ್ ಕಟ್ಟಣೆಯನ್ನು ಸ್ಕೀಗೆ ತಂದು ಗೆದ್ದವರು ಹೋವರ್ಡ್ ಹೆಡ್. ಅವರು ಬಾಲ್ಟಿಮೋರ್‌ನ ಗ್ಲೆನ್ ಮಾರ್ಟಿನ್ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. 1947ರಲ್ಲಿ ವರ್ಮಾಂಟ್ ರಾಜ್ಯದ ಸ್ಟೋ ಎಂಬಲ್ಲಿ ಮೊದಲ ಬಾರಿ ಸ್ಕೀ ಮಾಡಿದಾಗ, ಹಿಕರಿ ಮರದ ಭಾರದ ಹಲಗೆಗಳಿಗಿಂತ ವಿಮಾನದ ರೆಕ್ಕೆ ಕಟ್ಟುವ ವಿಧಾನದಲ್ಲಿ ಇನ್ನೂ ಒಳ್ಳೆಯದನ್ನು ಮಾಡಬಹುದು ಎಂದು ಅವರಿಗೆ ಅನ್ನಿಸಿತು. ಜೇನುಗೂಡಿನ ವಿನ್ಯಾಸದ ಒಳತಿರುಳಿಗೆ ಅಲ್ಯೂಮಿನಿಯಂ ಹೊದಿಸಿ ಮೊದಲ ಜೋಡಿಗಳನ್ನು ತಯಾರಿಸಿದರು. ಸ್ಟೋನ ತರಬೇತುದಾರರು ಅವನ್ನು ಬೇಗನೆ ಮುರಿದು ಕೈಗಿಟ್ಟರು. ಹೆಡ್ ಮತ್ತೆ ಮಾಡಿದರು, ಅವರು ಮತ್ತೆ ಮುರಿದರು. ಮುರಿದ ಪ್ರತಿ ತುಂಡೂ ಮುಂದಿನದನ್ನು ಎಲ್ಲಿ ಬಲಪಡಿಸಬೇಕು ಎಂದು ತೋರಿಸುತ್ತಿತ್ತು. 1950ರ ವೇಳೆಗೆ ಜೇನುಗೂಡಿನ ಜಾಗಕ್ಕೆ ಪ್ಲೈವುಡ್ ಬಂದಿತ್ತು, ಅಂಚಿಗೆ ಉಕ್ಕು, ಅಡಿಗೆ ಪ್ಲಾಸ್ಟಿಕ್ ಬಂದಿತ್ತು. ‘ಹೆಡ್ ಸ್ಟ್ಯಾಂಡರ್ಡ್’ ಎಂಬ ಆ ಸ್ಕೀ ಎಷ್ಟು ಸಲೀಸಾಗಿ ತಿರುಗುತ್ತಿತ್ತೆಂದರೆ ಅದಕ್ಕೆ ‘ಚೀಟರ್’ ಎಂಬ ಅಡ್ಡಹೆಸರೇ ಬಿತ್ತು.

ಆದರೆ ಅದೇ ಸ್ಕೀ ಗಟ್ಟಿ ಮಂಜಿನ ಮೇಲೆ ರೇಸಿನ ವೇಗದಲ್ಲಿ ಗಡಗಡ ನಡುಗುತ್ತಿತ್ತು. ಬಿಗಿ ಇತ್ತು, ಬಲ ಇತ್ತು, ಅಂಚು ಮಾತ್ರ ಹಿಮದ ಮೇಲೆ ನಿಲ್ಲುತ್ತಿರಲಿಲ್ಲ. 1960ರ ದಶಕದ ಆರಂಭದಲ್ಲಿ ರೇಸಿಗೆಂದೇ ಮಾಡಿದ ಮಾದರಿಯಲ್ಲಿ ಹೆಡ್ ಪದರಗಳ ನಡುವೆ ನಿಯೋಪ್ರೀನ್ ರಬ್ಬರಿನ ತೆಳು ಹಾಳೆ ಸೇರಿಸಿದರು, ನಡುಕ ಅಡಗಿತು. ಸ್ಕೀ ಎಂಜಿನಿಯರಿಂಗಿನ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಹೆಜ್ಜೆ ಇದು. ಬಿಗಿಯೇ ಬೇರೆ, ಕಂಪನ ಅಡಗಿಸುವ ಗುಣವೇ ಬೇರೆ ಎಂದು ಸ್ಪಷ್ಟವಾಗಿ ತೋರಿಸಿದ್ದು ಅದು. ಇಂದಿಗೂ ಸ್ಕೀ ಕೊಳ್ಳುವವರು ಬಹಳಷ್ಟು ಸಲ ಎಡವುವುದು ಇಲ್ಲೇ.

ಯಾವುದೇ ತೆಳು ಪಟ್ಟಿಗೆ ತನ್ನದೇ ಆದ ಕಂಪನದ ಲಯವಿದೆ. ಬಿಗಿ ಹೆಚ್ಚಾದರೆ, ತೂಕ ಕಡಿಮೆಯಾದರೆ ಆ ಲಯ ಚುರುಕಾಗುತ್ತದೆ. ಹಿಮದ ಉಬ್ಬುತಗ್ಗುಗಳು ಮೂತಿಯನ್ನು ತಟ್ಟಿದಾಗ ಪಟ್ಟಿ ಆ ಲಯದಲ್ಲಿ ಕುಣಿಯುತ್ತದೆ. ಕುಣಿತದ ಪ್ರತಿ ಏರಿನಲ್ಲೂ ಅಂಚಿನ ಒಂದು ಭಾಗ ಹಿಮದಿಂದ ಬಿಟ್ಟುಹೋಗುತ್ತದೆ. ರಬ್ಬರ್ ಈ ಕುಣಿತದ ಶಕ್ತಿಯನ್ನು ಶಾಖವಾಗಿಸಿ ಮುಗಿಸುತ್ತದೆ. ಹಾಳೆ ಮತ್ತು ಮರದ ನಡುವೆ ಕೂತ ಅದು ಸ್ಕೀ ಬಾಗಿದಾಗಲೆಲ್ಲ ಅಡ್ಡಡ್ಡ ಎಳೆಯಲ್ಪಡುತ್ತದೆ, ಆ ಎಳೆತದಲ್ಲಿ ಅಣುಗಳ ಸರಪಳಿಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ. 1990ರ ದಶಕದ ಮಧ್ಯದಲ್ಲಿ ಅಮೆರಿಕದ ಕೆ2 ಕಂಪನಿ ಇದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡಿಸಲು ಹೊರಟಿತ್ತು. ‘ಕೆ2 ಫೋರ್’ ಎಂಬ ಸ್ಕೀಯಲ್ಲಿ ಪೀಜೋ ವಿದ್ಯುತ್ ಪಟ್ಟಿ ಕೂರಿಸಿ, ಕಂಪನದಿಂದ ಹುಟ್ಟಿದ ವಿದ್ಯುತ್ತನ್ನು ಪುಟ್ಟ ಸರ್ಕೀಟಿನಲ್ಲಿ ಕರಗಿಸುತ್ತಿದ್ದರು. ಜಾಣ ಉಪಾಯವೇ. ಆದರೆ ರಬ್ಬರ್ ಅಗ್ಗ, ಅದಕ್ಕೆ ತಂತಿ ಬೇಡ, ಬಹುಪಾಲು ಸ್ಕೀಗಳಲ್ಲಿ ಉಳಿದುಕೊಂಡದ್ದು ಅದೇ.

ಇನ್ನು ತೂಕ. ಈಚಿನ ವರ್ಷಗಳಲ್ಲಿ ಕಾರ್ಬನ್ ನಾರು ಹಾಕಿ ಹಗುರಗೊಳಿಸಿದ ಸ್ಕೀಗಳ ಹೊಗಳಿಕೆ ಎಲ್ಲೆಲ್ಲೂ ಕೇಳಿಸುತ್ತದೆ. ಕಾಲಿನಿಂದಲೇ ಬೆಟ್ಟ ಹತ್ತುವವರಿಗೆ ಅದು ವರದಾನವೇ ಸರಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಪರ್ಧಿಸುವ ಕ್ರಾಸ್‌ಕಂಟ್ರಿ ಓಟದಲ್ಲಿ ಸ್ಕೀ ಜೋಡಿಯೊಂದು ಸುಮಾರು ಒಂದು ಕಿಲೋ ಮಾತ್ರ ತೂಗುತ್ತದೆ. ಅಲ್ಲಿ ಏರು, ಸಪಾಟು, ಇಳಿಜಾರು ಎಲ್ಲವನ್ನೂ ಸ್ವಂತ ಕಸುವಿನಿಂದ ದಾಟಬೇಕು, ಪ್ರತಿ ಗ್ರಾಮಿಗೂ ಉಸಿರು ತೆರಬೇಕು. ಲಿಫ್ಟ್ ಹತ್ತಿ ಮೇಲೆ ಹೋಗಿ ರಭಸವಾಗಿ ಇಳಿಯುವವರ ಲೆಕ್ಕ ಬೇರೆ. ಹಿಮದ ಗುಪ್ಪೆಯೊಂದು ಮೂತಿಗೆ ಬಡಿದಾಗ ಅದು ಕೊಡುವ ತಳ್ಳು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ತಳ್ಳಿಗೆ 1,300 ಗ್ರಾಮಿನ ಸ್ಕೀ ಎಷ್ಟು ವೇಗದಲ್ಲಿ ದಿಕ್ಕು ತಪ್ಪುತ್ತದೋ 2,200 ಗ್ರಾಮಿನ ಸ್ಕೀ ಅದರ ನೂರರಲ್ಲಿ ಅರವತ್ತು ಪಾಲಿನಷ್ಟು ಮಾತ್ರ ತಪ್ಪುತ್ತದೆ. ಉಳಿದ ನಲವತ್ತು ಪಾಲನ್ನು ಹಗುರ ಸ್ಕೀಯವರ ಮೊಣಕಾಲೇ ಸರಿಪಡಿಸಬೇಕು, ದಿನಕ್ಕೆ ಸಾವಿರಾರು ಬಾರಿ. ಇಂಥ ಬಳಕೆಯಲ್ಲಿ ತೂಕವನ್ನು ದೋಷ ಎಂದು ಎಣಿಸುವುದನ್ನು ನಾನು ಒಪ್ಪಲಾರೆ. ಅದು ಕೆಲಸ ಮಾಡುವ ತೂಕ. ಕಾರ್ಬನ್ ಬಿಗಿಯನ್ನು ಕೊಡುತ್ತದೆ, ಜಡತ್ವವನ್ನು ಕೊಡಲಾರದು. ರಬ್ಬರಿನ ನೆರವಿಲ್ಲದಿದ್ದರೆ ನಡುಕವನ್ನೂ ಹೆಚ್ಚಿಸುತ್ತದೆ.

ಉದ್ದದ ಮಾತಿಗೆ ಬಂದರೆ ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ನಿಯಮಗಳೇ ಒಳ್ಳೆಯ ಪಾಠ. ವಿಶ್ವಕಪ್ ಸ್ಲಾಲಮ್‌ನಲ್ಲಿ ಪುರುಷರ ಸ್ಕೀ ಕನಿಷ್ಠ 165 ಸೆಂಟಿಮೀಟರ್ ಇದ್ದರೆ ಸಾಕು. ಜೈಂಟ್ ಸ್ಲಾಲಮ್‌ಗೆ 193, ಡೌನ್‌ಹಿಲ್‌ಗೆ 218. ಗಂಟೆಗೆ ನೂರು ಕಿಲೋಮೀಟರ್ ದಾಟುವ ಡೌನ್‌ಹಿಲ್‌ನಲ್ಲಿ ಅಂಚಿನ ಬಾಗಿನ ತ್ರಿಜ್ಯವೂ ಕನಿಷ್ಠ 50 ಮೀಟರ್ ಇರಬೇಕು. ಉದ್ದ ಹೆಚ್ಚಿದಂತೆ ಸ್ಕೀ ಒಂದು ತಗ್ಗನ್ನು ಬೀಳದೆ ದಾಟಬಲ್ಲದು, ಒತ್ತಡವನ್ನು ಹೆಚ್ಚು ಅಂಚಿಗೆ ಹಂಚಬಲ್ಲದು, ಸುಲಭಕ್ಕೆ ಅಡ್ಡ ತಿರುಗದು. ಆದರೆ ಉದ್ದದ ಜೊತೆಗೆ ಬಿಗಿ ತಾನಾಗಿ ಬರುವುದಿಲ್ಲ, ವಾಸ್ತವ ಅದಕ್ಕೆ ತದ್ವಿರುದ್ಧ. ಎರಡು ತುದಿಗಳ ಮೇಲೆ ನಿಂತ ಪಟ್ಟಿಯ ಬಾಗು ಅದರ ಉದ್ದದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 175ರ ಸ್ಕೀಯನ್ನು ಅದೇ ದಪ್ಪದಲ್ಲಿ 191ಕ್ಕೆ ಎಳೆದರೆ ಅದೇ ಭಾರಕ್ಕೆ ಸುಮಾರು ಮೂವತ್ತು ಪ್ರತಿಶತ ಹೆಚ್ಚು ಬಾಗುತ್ತದೆ. ಒಳ್ಳೆಯ ತಯಾರಕರು ಉದ್ದ ಹೆಚ್ಚಿದಂತೆ ಒಳಗಿನ ಮರವನ್ನೂ ದಪ್ಪ ಮಾಡುತ್ತಾರೆ. ದಪ್ಪ ತುಸುವೇ ಹೆಚ್ಚಿದರೂ ಬಿಗಿ ಬಹಳ ಏರುವುದರಿಂದ ಈ ಹೊಂದಾಣಿಕೆ ಒಂದೆರಡು ಮಿಲಿಮೀಟರಿನೊಳಗೇ ಮುಗಿಯುತ್ತದೆ. ಕಣ್ಣಿಗೆ ಅದು ಕಾಣದು, ಕಾಲಿಗೆ ತಿಳಿಯುತ್ತದೆ.

ಅಳತೆಪಟ್ಟಿಯ ಉದ್ದವನ್ನೂ ನಂಬುವಂತಿಲ್ಲ. ಟಾಹೋದ ಬೆಟ್ಟಗಳಲ್ಲೇ ಹೆಸರಾದ ಸ್ಕೀಯರ್ ಶೇನ್ ಮೆಕಾಂಕಿ ಆಳವಾದ ಹಿಮಕ್ಕೆ ದೋಣಿಯಂತೆ ತಳ ಬಾಗಿದ ಸ್ಕೀ ಬೇಕೆಂದು ಹಟ ಹಿಡಿದು, 2002ರ ಹೊತ್ತಿಗೆ ವೊಲಾಂಟ್ ಕಂಪನಿಯಿಂದ ‘ಸ್ಪ್ಯಾಚುಲಾ’ ಮಾಡಿಸಿದರು. ಅಂದಿನಿಂದ ಮೂತಿ ಬಾಲಗಳನ್ನು ಬೇಗನೆ ಮೇಲೆತ್ತುವ ರಾಕರ್ ವಿನ್ಯಾಸ ಎಲ್ಲ ಬಗೆಯ ಸ್ಕೀಗಳಿಗೂ ಹಬ್ಬಿತು. ರಾಕರ್ ಇದ್ದರೆ ಮೂತಿ ಗುಪ್ಪೆಯೊಳಗೆ ಹೂತುಹೋಗದು, ಮೃದು ಹಿಮದಲ್ಲಿ ತೇಲುತ್ತದೆ. ಬದಲಿಗೆ ಗಟ್ಟಿ ಹಿಮದ ಮೇಲೆ ಆ ಭಾಗ ನೆಲಕ್ಕೇ ತಾಗುವುದಿಲ್ಲ. ಧಾರಾಳವಾಗಿ ರಾಕರ್ ಕೊಟ್ಟ 190ರ ಸ್ಕೀ ಗಟ್ಟಿ ನೆಲದಲ್ಲಿ ಹಳೆಯ ಕಾಲದ 170ರಷ್ಟೇ ಅಂಚು ಕೊಟ್ಟೀತು. ಆದ್ದರಿಂದ ಅಂಗಡಿಯಲ್ಲಿ ಎರಡು ಸ್ಕೀಗಳನ್ನು ಅಡಿಗೆ ಅಡಿ ಸೇರಿಸಿ ಹಿಡಿದು, ನಡುವನ್ನು ಅದುಮಿ, ಅವು ಎಲ್ಲಿಂದ ಎಲ್ಲಿಯವರೆಗೆ ಒಂದನ್ನೊಂದು ಮುಟ್ಟುತ್ತವೆ ಎಂದು ನೋಡಬೇಕು. ನಿಜವಾದ ಉದ್ದ ಅದು. ಎಂಬತ್ತು ಕಿಲೋ ದಾಟಿದ, ವೇಗ ಬಯಸುವ ಸ್ಕೀಯರಿಗೆ ಮೂತಿಯಲ್ಲಿ ಸಾಧಾರಣ ರಾಕರ್, ಬಾಲದಲ್ಲಿ ಸ್ವಲ್ಪವೇ ರಾಕರ್, ಪಾದದಡಿ ಕ್ಯಾಂಬರ್ (ನಡು ಮೇಲಕ್ಕೆ ಉಬ್ಬಿದ ಬಾಗು) ಇರುವ 185ರಿಂದ 193ರ ನಡುವಿನ ಸ್ಕೀ ಹೊಂದುತ್ತದೆ. ಅರವತ್ತು ಕಿಲೋದ ಸಮರ್ಥ ಸ್ಕೀಯರ್ ಹತ್ತು ಹದಿನೈದು ಸೆಂಟಿಮೀಟರ್ ಇಳಿಸಿ, ಎರಡರ ಬದಲು ಒಂದೇ ಲೋಹದ ಹಾಳೆ ಇರುವುದನ್ನು ಹಿಡಿದರೂ ಅದೇ ನೆಮ್ಮದಿ ಪಡೆಯುತ್ತಾರೆ.

ಅಗಲ ಆರಿಸುವಾಗ ಮೊಣಕಾಲನ್ನು ನೆನಪಿಡಬೇಕು. ಓರೆಯಾದ ಸ್ಕೀಯ ಮೇಲೆ ಹಿಮದ ಬಲ ಬೀಳುವುದು ಅಂಚಿನಲ್ಲಿ, ಕಾಲಿರುವುದು ನಡುವಿನಲ್ಲಿ. ನಡು 70 ಮಿಲಿಮೀಟರ್ ಇದ್ದರೆ ಆ ದೂರ 35, ನಡು 100 ಇದ್ದರೆ 50. ನಾವು ಲೆಕ್ಕ ಹಾಕಿದ 147 ಕಿಲೋ ಒತ್ತಡ ಪ್ರತಿ ತಿರುವಿನಲ್ಲೂ ಆ ದೂರದಷ್ಟು ಉದ್ದದ ಸನ್ನೆಯಿಂದ ಕಾಲನ್ನು ತಿರುಚಲು ನೋಡುತ್ತದೆ. ಎಲ್ಲ ಬಗೆಯ ಹಿಮಕ್ಕೂ ಒಂದೇ ಸ್ಕೀ ಬೇಕೆನ್ನುವವರು 90ರಿಂದ 105ರೊಳಗೆ ನಿಲ್ಲುವುದು ಇದಕ್ಕಾಗಿಯೇ. ಸ್ಕೀ ಕೂಡ ತಿರುಚಿಗೆ ಜಗ್ಗಬಾರದು. ಪಾದದಡಿ ಓರೆ ಐವತ್ತು ಡಿಗ್ರಿ ಇದ್ದು ಮೂತಿ ಸಡಿಲಾಗಿ ನಲವತ್ತಕ್ಕೆ ತಿರುಗಿಕೊಂಡರೆ ಅಲ್ಲಿ ಅಂಚು ಕೈಕೊಡುತ್ತದೆ. ಅಂಚಿನಿಂದ ಅಂಚಿಗೆ ಹರಡಿದ ಲೋಹದ ಹಾಳೆ ಇದನ್ನು ತಡೆಯುತ್ತದೆ. ಈ ಹಾಳೆ ಸಾಮಾನ್ಯವಾಗಿ ಆಸ್ಟ್ರಿಯಾದ ‘ಟೈಟನಾಲ್’, ಸತು ಮತ್ತು ಮೆಗ್ನೀಸಿಯಂ ಬೆರೆಸಿದ ಗಡಸು ಅಲ್ಯೂಮಿನಿಯಂ. ಜರ್ಮನಿಯ ವ್ಯೋಲ್ಕ್ಲ್ ಕಂಪನಿ ತನ್ನ ‘ಮಂತ್ರ’ ಸ್ಕೀಗಳಲ್ಲಿ ಈಗ ಮೇಲಿನ ಹಾಳೆಯನ್ನು ಅಂಚಿನ ಸುತ್ತ ಚೌಕಟ್ಟಿನಂತೆ ಕತ್ತರಿಸಿ ಕೂರಿಸುತ್ತದೆ. ಅಂಚಿಗೆ ಲೋಹದ ಹಿಡಿತ ಉಳಿಯುತ್ತದೆ, ನಡುವಿನ ತೂಕ ತಗ್ಗುತ್ತದೆ. ನನಗೆ ಇದು ಒಪ್ಪುವ ರಾಜಿ.

ಬಾಳಿಕೆಯ ಪ್ರಶ್ನೆ ಕಾರ್ಖಾನೆಯ ಅಚ್ಚಿನಲ್ಲೇ ಶುರುವಾಗುತ್ತದೆ. ಸ್ಕೀಯ ಪದರಗಳನ್ನು ಅಂಟಿನ ಜೊತೆ ನೂರು ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಒತ್ತುತ್ತಾರೆ. ಆಮೇಲೆ ಅದು ಬದುಕುವುದು ಸೊನ್ನೆಗಿಂತ ಕೆಳಗೆ. ಅಲ್ಯೂಮಿನಿಯಂ ಉಕ್ಕಿಗಿಂತ ಎರಡರಷ್ಟು ಕುಗ್ಗುವ ಲೋಹ. ನೂರು ಡಿಗ್ರಿ ಇಳಿಯುವಷ್ಟರಲ್ಲಿ 1.8 ಮೀಟರ್ ಉದ್ದಕ್ಕೆ ಇವೆರಡರ ನಡುವೆ ಎರಡು ಮಿಲಿಮೀಟರ್ ವ್ಯತ್ಯಾಸ ಬರಬೇಕು, ಅಂಟು ಅದನ್ನು ಬರಗೊಡದೆ ಹಿಡಿದಿರುತ್ತದೆ. ಹೊಸ ಸ್ಕೀಯೊಳಗೂ ಈ ಎಳೆತ ಸದಾ ಇದ್ದೇ ಇರುತ್ತದೆ. ಉಕ್ಕಿನ ಅಂಚಿನ ಮೇಲೆ ರಬ್ಬರಿನ ತೆಳು ಪಟ್ಟಿ ಇಡುವುದು ಈ ಎಳೆತಕ್ಕೆ ತುಸು ಸಡಿಲ ಕೊಡುವುದಕ್ಕೂ ಹೌದು. ಅಗ್ಗದ ಕಟ್ಟಣೆಯಲ್ಲಿ ಮೊದಲು ಬಿಡುವುದೂ ಇದೇ ಜಾಗ. ಒಮ್ಮೆ ಬಿರುಕು ಬಿಟ್ಟು ನೀರು ಒಳಗಿಳಿದರೆ ಮರ ಉಬ್ಬುತ್ತದೆ, ನೀರು ಹೆಪ್ಪುಗಟ್ಟಿ ಬಿರುಕನ್ನು ಹಿಗ್ಗಿಸುತ್ತದೆ. ಪಕ್ಕಗೋಡೆಯ ಪ್ಲಾಸ್ಟಿಕ್ ಗಟ್ಟಿಯಾಗಿ, ನೆಟ್ಟಗೆ ನಿಂತಿರುವ ಸ್ಯಾಂಡ್‌ವಿಚ್ ಕಟ್ಟಣೆಯನ್ನೇ ಕೇಳಿ ಪಡೆಯಿರಿ.

ಅಂಚಿನ ಉಕ್ಕಿನ ದಪ್ಪವನ್ನು ಕಣ್ಣಿಟ್ಟು ನೋಡಬೇಕು. ಹಗುರ ಸ್ಕೀಗಳಲ್ಲಿ ಅದು ಎರಡು ಮಿಲಿಮೀಟರಿಗೂ ಕಡಿಮೆ, ಗಟ್ಟಿಮುಟ್ಟು ಸ್ಕೀಗಳಲ್ಲಿ ಎರಡೂವರೆಯವರೆಗೆ. ಕಲ್ಲಿಗೆ ಬಡಿದಾಗ ದಪ್ಪ ಅಂಚು ಸೀಳದೆ ತಗ್ಗು ಬೀಳುತ್ತದೆ, ತಗ್ಗನ್ನು ಅರದಿಂದ ತೀಡಿ ಸರಿಪಡಿಸಬಹುದು. ಬಡಿದ ಜಾಗದಲ್ಲಿ ಶಾಖದಿಂದ ಉಕ್ಕು ಇನ್ನಷ್ಟು ಗಡಸಾಗಿ ಅರವನ್ನೇ ಜಾರಿಸಿಬಿಡುತ್ತದೆ, ಹಾಗಾಗಿ ಮೊದಲು ವಜ್ರದ ಪುಡಿ ಕೂರಿಸಿದ ಕಲ್ಲಿನಿಂದ ಉಜ್ಜಬೇಕು. ತಳದ ಪ್ಲಾಸ್ಟಿಕ್ ಅತಿ ಉದ್ದ ಅಣುಸರಪಳಿಯ ಪಾಲಿಎಥಿಲೀನ್, ಕೃತಕ ಸೊಂಟದ ಕೀಲಿನಲ್ಲಿ ಸವೆತ ತಡೆಯಲು ಬಳಸುವುದೂ ಇದೇ ವಸ್ತು. ಪುಡಿಯನ್ನು ಒತ್ತಿ ಬೆಸೆದ ಸಿಂಟರ್ಡ್ ತಳ ಕರಗಿಸಿ ಎಳೆದ ತಳಕ್ಕಿಂತ ಹೆಚ್ಚು ಬಾಳುತ್ತದೆ, ಮೇಣವನ್ನೂ ಹೀರಿಕೊಳ್ಳುತ್ತದೆ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 3,900 ಮೀಟರಿಗೂ ಮೇಲೆ ಗೊಂಡೋಲಾದಿಂದ ಇಳಿದು ಅಫರ್ವತ್ ಬೆಟ್ಟದಲ್ಲಿ ಸ್ಕೀ ಮಾಡುವವರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿಯ ಒಣ ಹಿಮಕ್ಕೆ ಇನ್ನೂ ಅಗಲವಾದ, ಮೂತಿ ಮೃದುವಾದ ಸ್ಕೀ ಸುಖ. ಆದರೆ ಋತುವಿನ ಆರಂಭದ ತೆಳು ಹಿಮದಡಿಯ ಕಲ್ಲುಗಳಿಗೆ ದಪ್ಪ ಅಂಚು, ದಪ್ಪ ತಳವೇ ಬೇಕು.

ಲೋಹದ ಸ್ಕೀಗೆ ಒಂದು ದೌರ್ಬಲ್ಯವಿದೆ. ಗಾಜಿನ ನಾರು ತನ್ನ ಮಿತಿಯವರೆಗೆ ಬಾಗಿ ಹಿಂದಕ್ಕೆ ಬರುತ್ತದೆ, ಮಿತಿ ಮೀರಿದರೆ ಮುರಿಯುತ್ತದೆ. ಅಲ್ಯೂಮಿನಿಯಂ ಮಿತಿ ಮೀರಿದರೆ ಮುರಿಯದೆ ಬಾಗಿದಂತೆಯೇ ಉಳಿದುಬಿಡುತ್ತದೆ. ಉಬ್ಬಿನ ಹೊಂಡಕ್ಕೆ ಮೂತಿ ಹೊಕ್ಕು ಬಾಗಿಹೋದ ಸ್ಕೀ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣಬಹುದು. ಇಂಥ ಸ್ಕೀಗಳು ದುಬಾರಿ, ಬಹಳ ಜನ ಬಳಸಿದ್ದನ್ನೇ ಕೊಳ್ಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಜೋಡಿಯ ಎರಡೂ ಸ್ಕೀಗಳ ಕ್ಯಾಂಬರ್ ಒಂದೇ ಎತ್ತರದಲ್ಲಿ ಇದೆಯೇ ಎಂದು ಅಡಿಗೆ ಅಡಿ ಸೇರಿಸಿ ಪರೀಕ್ಷಿಸಿ. ಅಂಚಿನಲ್ಲಿ ಉಳಿದಿರುವ ಉಕ್ಕಿನ ದಪ್ಪ ಅಳೆಯಿರಿ. ಬೂಟನ್ನು ಹಿಡಿಯುವ ಬೈಂಡಿಂಗ್ ಕೂರಿಸಲು ಹಿಂದೆ ಎಷ್ಟು ಬಾರಿ ಕೊರೆದಿದ್ದಾರೆ ಎಂದು ಎಣಿಸಿ. ಲೋಹದ ಹಾಳೆ ತಿರುಪನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಅದಕ್ಕೆ ರಂಧ್ರ ಸರಿಯಾದ ಅಳತೆಯದಾಗಿರಬೇಕು. ಲೋಹವಿಲ್ಲದ ಸ್ಕೀಗೆ 3.5 ಮಿಲಿಮೀಟರ್ ಬೈರಿಗೆ, ಲೋಹ ಇರುವುದಕ್ಕೆ 4.1. ಹೊಸ ರಂಧ್ರಗಳು ಹಳೆಯವುಗಳಿಂದ ಕನಿಷ್ಠ ಒಂದು ಸೆಂಟಿಮೀಟರ್ ದೂರವಿರಲಿ, ಹಳೆಯವನ್ನು ಅಂಟು ತುಂಬಿ ನೀರಿಳಿಯದಂತೆ ಮುಚ್ಚಲಿ. ಅಷ್ಟು ಜಾಗ ಉಳಿದಿಲ್ಲದ ಜೋಡಿಯನ್ನು ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.